ಆರೋಪಿ ಕೇಳಿದ ವಕೀಲೆ

"ಬಾಯೇ ಬಿಡ್ತಿಲ್ಲ ಮೇಡಂ. ನೀವು ಬಂದ್ರೇನೇ ಮಾತಾಡೋದಂತೆ," ಎನ್ನುತ್ತ ಸಬ್ ಇನ್ಸ್‌ಪೆಕ್ಟರ್ ಗೋಕುಲ್ ಠಾಣೆಯ ಮೆಟ್ಟಿಲವರೆಗೂ ಬಂದ. "ಏನಿದು, ಆಟೋದಲ್ಲಿ ಬಂದ್ರಿ? ಕಾರು?"

"ಸರ್ವಿಸ್‌ಗೆ ಬಿಟ್ಟಿದೀನಿ."

ಹತ್ತು ಗಂಟೆಗೆ ಫೋನ್ ಮಾಡಿದಾಗ ಗೋಕುಲ್ ಹೇಳಿದ್ದು ಇಷ್ಟೇ: ಆಕ್ಸಿಡೆಂಟ್ ಕೇಸು, ಆರೋಪಿ ನಿಮ್ಮ ಹೆಸರನ್ನೇ ಹೇಳುತ್ತಿದ್ದಾನೆ. ಇಲ್ಲವೆನ್ನಲು ವಕೀಲೆ ಸರಳಾಗೆ ನಾಲಿಗೆ ಬಂದಿರಲಿಲ್ಲ. ಸಿಕ್ಕ ಆಟೋ ಹತ್ತಿ ಅಟ್ಟೂರಿನಿಂದ ಹೆಬ್ಬಾಳದ ಈ ಠಾಣೆಗೆ ಬಂದಿದ್ದಳು.

"ಆಯಮ್ಮ ಹೇಗಿದಾರೆ?"

"ಆಪರೇಷನ್ ನಡೀತಿದೆ. ಮುನಿಯಲ್ಲಮ್ಮ ಅಂತ, ಕೆಂಪಾಪುರದಲ್ಲಿ ಸೊಪ್ಪು ಮಾರೋರು. ಬೆಳಗ್ಗೆ ಆರೂವರೆಗೆ ರಸ್ತೆ ದಾಟುವಾಗ ಈ ಆಟೋದವನು ಗುದ್ದಿದಾನೆ. ಆಮೇಲೆ ಭಯ ಬಿದ್ದು ತಾನೇ ಆಸ್ಪತ್ರೆಗೆ ಹಾಕಿದಾನೆ. ಆಟೋ ಮುಂಭಾಗ ನೆಗ್ಗಿದೆ, ಸೀಟ್ ತುಂಬ ರಕ್ತ. ಇನ್ನೇನ್ ಬೇಕು?"

"ಬಂಧನದ ಕಾರಣ ಬರೆದುಕೊಟ್ಟಿದೀರಾ? ಮನೆಯವರಿಗೆ ತಿಳಿಸಿದೀರಾ?"

"ಎಲ್ಲಾ ಆಗಿದೆ. ಒಂದೇಟೂ ಹಾಕಿಲ್ಲ, ಬೇಕಾದ್ರೆ ನೀವೇ ಕೇಳಿ."

"ಹಾಗಾದ್ರೆ ಹತ್ತು ನಿಮಿಷ ನಾವಿಬ್ರೇ ಮಾತಾಡ್ಬೇಕು. ಅದು ಅವರ ಹಕ್ಕು."

ಗೋಕುಲ್ ಅವಳನ್ನು ಒಳಗಿನ ಕೋಣೆಗೆ ಬಿಟ್ಟು ಬಾಗಿಲು ಎಳೆದುಕೊಂಡು ಹೋದ.

ಅಲ್ಲಿದ್ದ ಆರೋಪಿ ಅರ್ಬಾಜ್ ಎದ್ದು ನಿಂತ. ಮೂವತ್ತೈದರ ಆಸುಪಾಸು. ಖಾಕಿ ಅಂಗಿಯ ತೋಳಿನಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಸರಳಾಗೆ ಗುರುತು ಸಿಕ್ಕಿತು. ಹೋದ ತಿಂಗಳು ಆರ್.ಟಿ. ನಗರದ ಆಟೋ ಸ್ಟ್ಯಾಂಡಿನಲ್ಲಿ ಕಾನೂನು ತಿಳಿಸಲು ಹೋಗಿದ್ದಾಗ ಇವನು ಮುಂದೆಯೇ ಕೂತಿದ್ದ. ಪೊಲೀಸರು ಹಿಡಿದರೆ ಹೆದರಬೇಡಿ, ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಾಗಿಲ್ಲ ಎಂದು ಅಂದು ಗಂಟಲೆತ್ತಿ ಹೇಳಿದ್ದಳು.

"ಮೇಡಂ, ನಾನ್ ಗುದ್ದಿಲ್ಲ."

ಅವಳು ಅವನ ಕಣ್ಣು ತಪ್ಪಿಸಿ ಫೈಲು ಬಿಚ್ಚಿದಳು. ಈ ಮಾತನ್ನು ಹದಿನಾಲ್ಕು ವರ್ಷದಿಂದ ಕೇಳುತ್ತ ಬಂದಿದ್ದಳು.

"ಆಟೋ ನೆಗ್ಗಿದ್ದು?"

"ಹೋದ್ ವಾರ, ಬಸ್ಸಿಗೆ ತಾಗಿ."

"ಬೆಳಗ್ಗೆ ಗುದ್ದಿದ್ದನ್ನ ಬೇರೆ ಯಾರಾದ್ರೂ ನೋಡಿದಾರಾ?"

"ಇಲ್ಲ."

"ಹಾಗಾದ್ರೆ ಏನೂ ಹೇಳ್ಬೇಡಿ. ಏನ್ ನೋಡಿದ್ರಿ, ಯಾವ ಗಾಡಿ, ಒಂದು ಮಾತೂ ಬೇಡ. ಬೇಲ್ ನಾನು ಕೊಡಿಸ್ತೀನಿ. ನನಗೆ ಫೀಸೂ ಬೇಡ."

"ಆಮೇಲೆ?"

"ಕೇಸು ನಡೆಯುತ್ತೆ. ವರ್ಷಗಟ್ಟಲೆ."

"ಲೈಸೆನ್ಸು?"

"ಅಮಾನತು ಆಗ್ಬಹುದು," ಎಂದಳು. ಆ ಮಾತು ಅವಳಿಗೇ ಚುಚ್ಚಿತು. ವಕಾಲತ್ತಿನ ಹಾಳೆಯನ್ನು ಅವನತ್ತ ತಳ್ಳಿದಳು. "ಇಲ್ಲಿ ಸಹಿ ಹಾಕಿ."

ಅರ್ಬಾಜ್ ಹಾಕಲಿಲ್ಲ.

"ನಿಮ್ಮನ್ನೇ ಯಾಕ್ ಕರೆಸ್ದೆ ಅಂತ ನೀವು ಕೇಳ್ಲೇ ಇಲ್ಲ ಮೇಡಂ."

"ಸ್ಟ್ಯಾಂಡಿಗೆ ಬಂದಿದ್ದೆನಲ್ಲ, ಅದಕ್ಕೆ."

ಅವನು ಅಲ್ಲವೆಂದು ತಲೆಯಾಡಿಸಿದ. "ಗುದ್ದಿದ ಕಾರು ಸ್ವಲ್ಪ ಮುಂದೆ ಹೋಗಿ ನಿಂತ್ಕೊಂಡಿತ್ತು. ಇಳೀತಾರೆ ಅಂತ ನೋಡ್ದೆ. ಹಿಂದಕ್ಕೆ ತಿರುಗಿದ್ರು, ಮುಖ ಕಾಣಿಸ್ತು. ಆದ್ರೆ ಇಳೀಲಿಲ್ಲ. ಇಲ್ಲಿ ಆಯಮ್ಮ ನನ್ ಕೈ ಹಿಡ್ಕೊಂಡು ಬಿಡ್ಬೇಡ ಕಣಪ್ಪಾ ಅಂತಿದ್ರು. ಹೆಂಗ್ ಬಿಟ್ಟು ಓಡ್ಲಿ ಅವರ ಹಿಂದೆ? ಹೆದರ್ಕೊಂಡ್ರು ಅನ್ಸುತ್ತೆ. ಹೆದರಿದೋರೆಲ್ಲ ಕೆಟ್ಟೋರಲ್ಲ. ಎಸ್.ಐ. ಸಾಹೇಬ್ರಿಗೆ ಹೆಸರು ಹೇಳೋ ಮುಂಚೆ ಒಂದು ಅವಕಾಶ ಕೊಡೋಣ ಅನ್ನಿಸ್ತು."

ಹೊರಗೆ ಯಾರದೋ ಫೋನ್ ಬಡಿದುಕೊಂಡು ನಿಂತಿತು. ಸರಳಾ ವಕಾಲತ್ತಿನ ಹಾಳೆಯನ್ನು ಮಡಚಿದಳು, ಎದ್ದು ಹೋಗಿ ಬಾಗಿಲು ತೆರೆದಳು.

"ಗೋಕುಲ್ ಸರ್, ಇವರನ್ನ ಬಿಟ್ಟು ನನ್ನ ಹೇಳಿಕೆ ಬರ್ಕೊಳ್ಳಿ. ಮುನಿಯಲ್ಲಮ್ಮನಿಗೆ ಗುದ್ದಿದ ಕಾರು ಓಡಿಸ್ತಿದ್ದವಳು ನಾನು."