ಕಾಣದ ಗ್ರಹದ ಸೆಳೆತ

ಕೇಸರಿಬಾತು, ಬೋಂಡಾಗಳ ಸಮಾರಾಧನೆ ಒಂದು ಹಂತಕ್ಕೆ ಬಂದದ್ದೇ ತಡ, "ನೀವಿಬ್ರೂ ಹಿತ್ತಲಲ್ಲಿ ಸ್ವಲ್ಪ ಮಾತಾಡ್ಕೊಂಡು ಬನ್ನಿ" ಎಂದು ಪದ್ಮಿನಿ ಮಗನನ್ನೂ ಹುಡುಗಿಯನ್ನೂ ಹೊರಗಟ್ಟಿದರು. ಮಗ ಅಭಯ್ ಮೆಲ್ಬರ್ನಿನಲ್ಲಿ ಡಾಕ್ಟರು. ಹೆಣ್ಣು ನೋಡಲು ತಾಯಿಯ ಜೊತೆ ಬೆಳಗಿನ ವಿಮಾನದಲ್ಲಿ ಸಿಡ್ನಿಗೆ ಬಂದಿದ್ದ. ಅಲ್ಲಿನ ಟೂಂಗಾಬಿ ಬಡಾವಣೆಯ ಈ ಮನೆಯ ಹುಡುಗಿ ಅಹಲ್ಯಾಗೆ ಬೇರೆ ನಕ್ಷತ್ರಗಳ ಸುತ್ತ ಗ್ರಹ ಹುಡುಕುವ ಕೆಲಸ. ಅದು ತೊಂಬತ್ತರ ದಶಕದ ಕೊನೆ, ಅಂಥ ಗ್ರಹಗಳು ಸಿಗಲು ಶುರುವಾಗಿ ಆಗಿನ್ನೂ ಎರಡು ಮೂರು ವರ್ಷ. ಇವಳಿಗೆ ಗಂಡು ಹುಡುಕುವುದು ಅದಕ್ಕಿಂತ ಕಷ್ಟವೆಂದು ಅಪ್ಪ ನಾಗರಾಜ ಕಂಡಕಂಡವರ ಹತ್ತಿರ ಹೇಳಿಕೊಂಡಿದ್ದರು.

ಹುಡುಗ ಅಹಲ್ಯಾಗೆ ಹಿಡಿಸಿದ್ದ. ನಕ್ಕರೆ ಕಣ್ಣೂ ನಗುತ್ತಿತ್ತು. ಹೂಂ ಅಂದುಬಿಡೋಣವೆಂದು ಅರ್ಧ ಮನಸ್ಸು ಮಾಡಿಯೂ ಆಗಿತ್ತು. ಆದರೆ ಕೆಲಸದ ಚಟ ಬಿಡಬೇಕಲ್ಲ, ಹಿತ್ತಲಲ್ಲೂ ಅವನ ಚಲನವಲನವನ್ನೇ ಗಮನಿಸುತ್ತಿದ್ದಳು. ಇವಳ ಮಾತಿಗೆ ಅವನು ಮನಸಾರೆ ನಗುತ್ತಾನೆ. ಇನ್ನೇನು ಹತ್ತಿರ ಬಂದ ಅನ್ನುವಾಗ ಏನೋ ನೆನಪಾದವನಂತೆ ಹಿಂದೆ ಸರಿಯುತ್ತಾನೆ. ಮತ್ತೆ ಬರುತ್ತಾನೆ, ಮತ್ತೆ ಸರಿಯುತ್ತಾನೆ.

"ಅಷ್ಟು ದೂರದ ಗ್ರಹ ಕಾಣತ್ತಾ?" ಅಭಯ್ ಕೇಳಿದ.

"ಗ್ರಹ ಕಾಣಲ್ಲ, ನಕ್ಷತ್ರ ಮಾತ್ರ ಕಾಣೋದು. ಗ್ರಹ ಸುತ್ತುತ್ತಾ ಅದನ್ನ ಎಳೀತಿರತ್ತೆ. ಅದಕ್ಕೇ ನಕ್ಷತ್ರ ಒಂಚೂರು ನಮ್ಮ ಕಡೆ ಬರತ್ತೆ, ಒಂಚೂರು ಹಿಂದೆ ಹೋಗತ್ತೆ. ಅದನ್ನ ನೋಡಿನೇ ಸುತ್ತ ಯಾರೋ ಇದಾರೆ ಅಂತ ಹಿಡಿಯೋದು." ಅಹಲ್ಯಾ ಅವನ ಕಡೆ ತಿರುಗಿದಳು. "ಅವಳ ಹೆಸರೇನು?"

ಅಭಯ್ ಬೇಲಿಯ ಕಡೆ ನೋಡುತ್ತಾ, "ಜೊವಾನಿಟಾ" ಎಂದ. "ನಮ್ಮ ಹಾಸ್ಪಿಟಲ್‌ನಲ್ಲೇ ಫಿಸಿಯೊ. ಮಂಗಳೂರಿನ ಕ್ಯಾಥೊಲಿಕ್ಸ್. ಅಮ್ಮನಿಗೆ ಹೇಳಕ್ಕೆ ಧೈರ್ಯ ಇಲ್ಲ. ಪ್ಲೀಸ್, ನೀವೇ ನನ್ನ ರಿಜೆಕ್ಟ್ ಮಾಡಿಬಿಡಿ."

ಅಹಲ್ಯಾಗೆ ಒಳಗೆ ಚುರುಕ್ಕೆಂದಿತು. ಹುಡುಗ ಕೈತಪ್ಪಿದ ಬೇಸರ ಒಂದು ಕಡೆ, ಊಹೆ ನಿಜವಾದ ಹಾಳು ಖುಷಿ ಇನ್ನೊಂದು ಕಡೆ.

"ಮಾಡ್ತೀನಿ. ಆದ್ರೆ ಮುಂದಿನ ತಿಂಗಳು ಇನ್ನೊಬ್ಬಳ ಹಿತ್ತಲಲ್ಲಿ ಹೀಗೇ ನಿಂತಿರ್ತೀರಿ. ಹೋಗಿ ಹೇಳಿ" ಎಂದು ಅವನನ್ನು ಮುಂದೆ ಬಿಟ್ಟುಕೊಂಡು ಒಳಗೆ ಬಂದಳು.

ಅಭಯ್ ಕಾರ್ಪೆಟ್ ನೋಡುತ್ತಾ ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿದ. ನಾಗರಾಜರ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. ಪದ್ಮಿನಿ ಮಾತ್ರ ತಟ್ಟೆಯಲ್ಲಿ ಉಳಿದಿದ್ದ ಬೋಂಡಾ ತಿಂದು ಮುಗಿಸಿ, ನಿಧಾನಕ್ಕೆ ಕೈ ಒರೆಸಿಕೊಂಡರು.

"ಅಂತೂ ಬಾಯಿ ಬಿಟ್ಟೆಯಲ್ಲಪ್ಪ" ಎಂದು ಮಗನಿಗೆ ಹೇಳಿ, ನಾಗರಾಜರ ಕಡೆ ತಿರುಗಿದರು. "ನೀವು ಬೇಜಾರು ಮಾಡ್ಕೋಬೇಡಿ. ಇವನಾಗೇ ಹೇಳಲಿ ಅಂತ ಕಾದೆ. ಒಂದೊಂದೇ ಹುಡುಗಿ ತೋರಿಸ್ತಾ ಸಿಡ್ನಿವರೆಗೂ ಬರಬೇಕಾಯ್ತು."

"ಆಂಟಿ, ನಿಮಗೆ ಮೊದಲೇ ಗೊತ್ತಿತ್ತಾ?" ಅಹಲ್ಯಾ ಬೆರಗಾಗಿ ಕೇಳಿದಳು.

"ಭಾನುವಾರ ಮಧ್ಯಾಹ್ನದವರೆಗೆ ಮಲಗಿರ್ತಿದ್ದ ಹುಡುಗ, ಈಗ ಬೆಳಿಗ್ಗೆನೇ ಇಸ್ತ್ರಿ ಶರ್ಟ್ ಹಾಕ್ಕೊಂಡು, ಚರ್ಚ್ ಪಕ್ಕದ ಅಂಗಡಿಯಿಂದ ಹಾಲು ತರ್ತೀನಿ ಅಂತ ಹೋಗ್ತಾನೆ. ಇದಕ್ಕೂ ಟೆಲಿಸ್ಕೋಪ್ ಬೇಕೇನಮ್ಮಾ?"