ಏಳನೆಯ ಮನೆ

‘ಎರಡು ತಿಂಗಳಿಗಂದ್ರ ಮನಿ ಕೊಡಲ್ಲ ನೋಡವಾ,’ ಎಂದು ಪಾರ್ವತೀಬಾಯಿ ಗೇಟು ಮುಚ್ಚುವಷ್ಟರಲ್ಲಿ ಗಲ್ಲಿಯಲ್ಲಿ ನೀರಿನ ಟ್ಯಾಂಕರಿನ ಹಾರ್ನು ಕಿವಿಗಡಚಿಕ್ಕಿತು. ಅದಕ್ಕೆ ಅಡ್ಡವಾಗಿದ್ದದ್ದು ಆಕೆಯ ಗಂಡ ವಾಸುದೇವರಾಯರ ಕಾರು. ಹಿಂದಕ್ಕೆ ತೆಗೆಯಲಾಗದೆ ರಾಯರು ಬೆವರುತ್ತಿದ್ದರು.

ಕಮಲಾಪುರದ ಅಫ್ಶೀನ್‌ಗೆ ಇದು ಕಲಬುರಗಿಯಲ್ಲಿ ಅಂದು ನೋಡಿದ ಏಳನೆಯ ಮನೆ. ಸೋಮವಾರದಿಂದ ಅವಳಿಗೆ ಎರಡು ತಿಂಗಳು ಬಸ್ ಚಾಲನೆಯ ತರಬೇತಿ. ಬೆಳಿಗ್ಗೆ ಆರಕ್ಕೆ ಹಾಜರಿರದಿದ್ದರೆ ಸೀಟು ಹೋದಂತೆಯೇ. ಹೊರಟವಳು ಕಾರಿನ ಬಳಿ ನಿಂತಳು. ‘ಇಳೀರಿ ಕಾಕಾ, ನಾ ತೆಗೀತೀನಿ.’

ರಾಯರು ಅನುಮಾನದಿಂದಲೇ ಇಳಿದರು. ಎಡಕ್ಕೆ ಚರಂಡಿ, ಬಲಕ್ಕೆ ಗೋಡೆ, ಎರಡೂ ಕಡೆ ಗೇಣು ಜಾಗವೂ ಇಲ್ಲ. ಅಫ್ಶೀನ್ ದುಪಟ್ಟಾ ಬಿಗಿದುಕೊಂಡು ಕುಳಿತಳು. ಕನ್ನಡಿಯ ಮೇಲೆ ಕಣ್ಣಿಟ್ಟು, ಎಲ್ಲಿಯೂ ತಡವರಿಸದೆ, ಒಂದೇ ಸಲಕ್ಕೆ ಕಾರನ್ನು ಹಿಂದಕ್ಕೆ ತಂದು ಗೇಟಿನೊಳಗೆ ನಿಲ್ಲಿಸಿದಳು. ‘ವಾಹ್ ಬೇಟಿ!’ ಎಂದು ಟ್ಯಾಂಕರಿನವನು ಕೂಗಿ ಮುಂದೆ ಹೋದ.

‘ಇಷ್ಟ್ ಚಲೋ ಎಲ್ಲಿ ಕಲ್ತಿ?’ ಪಾರ್ವತೀಬಾಯಿ ಬೆರಗಿನಿಂದ ಕೇಳಿದರು.

‘ಅಬ್ಬಾನ ಟೆಂಪೋದಾಗ್ರಿ. ಈಗ ಬಸ್ ಕಲೀಲಾಕ ಬಂದೀನ್ರಿ.’

ಆಕೆ ಸರಸರನೆ ಒಳಹೋಗಿ ಮೇಲಿನ ಖೋಲಿಯ ಕೀಲಿ ತಂದು ಅವಳ ಅಂಗೈಗಿಟ್ಟರು. ಗಂಡನಿಗೆ ಕೇಳುವಂತೆಯೇ ಹೇಳಿದರು: ‘ಎರಡು ತಿಂಗಳಾಗ ನನಗೂ ಕಾರ್ ಕಲಿಸಿ ಹೋಗವಾ.’