ಭಾನುವಾರದ ಸ್ನೇಹಿತರು

ಪ್ರತಿ ಭಾನುವಾರ ಡೆನ್ಜಿಲ್ ಮತ್ತು ರತ್ನಾಕರ ಬರುತ್ತಿದ್ದರು. ದೇವಿಪ್ರಸಾದನ ಮಂಚದ ಬಳಿ ಕುರ್ಚಿ ಎಳೆದುಕೊಂಡು, ಮೂವರೂ ಸೇರಿ ಹಳೇ ಬೈಕುಗಳ ಇಂಜಿನ್ ಬಿಚ್ಚಿ, ಸಿಲಿಂಡರ್ ಕೊರೆಸಿ, ರೇಸಿಗೆ ಇಳಿಸುತ್ತಿದ್ದ ದಿನಗಳನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.

"ಸೈಲೆನ್ಸರ್ ತೆಗೆದ ಮೇಲೆ ನಿನ್ನ ಬೈಕಿನ ಸದ್ದು ಇಡೀ ಊರಿಗೇ ಕೇಳುತ್ತಿತ್ತು, ಅಲ್ವಾ ಮಾರಾಯ!" ಎಂದು ಡೆನ್ಜಿಲ್ ತೊಡೆ ತಟ್ಟಿ ನಗುತ್ತಿದ್ದ. ಅದೇ ಬೈಕಿನಿಂದ ಬಿದ್ದು ದೇವಿಪ್ರಸಾದನ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಈ ಭಾನುವಾರ ಅವನ ಹೆಂಡತಿ ವಾರಿಜ ಮೂತ್ರದ ಚೀಲ ಬದಲಿಸಲು ಒಳಗೆ ಬಂದಾಗ, ಇಬ್ಬರೂ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕತೆ ಮುಂದುವರಿಸಿದರು.

ಅವರು ಹೋದ ಮೇಲೆ ವಾರಿಜಳಿಗೆ ತಡೆದುಕೊಳ್ಳಲು ಆಗಲಿಲ್ಲ. "ಅವರನ್ನು ನೋಡಿದರೆ ಹೇಸಿಗೆ ಆಗುತ್ತದೆ ನನಗೆ. ನಿಮಗೆ ಸಂತೋಷವಾಗಲಿ ಅಂತ ಇಷ್ಟು ವರ್ಷ ಚಹಾ ಮಾಡಿ ಕೊಟ್ಟೆ. ಇನ್ನು ನನ್ನಿಂದ ಆಗುವುದಿಲ್ಲ."

ದೇವಿಪ್ರಸಾದ ಅವಳನ್ನೇ ನೋಡಿದ.

"ನನಗೆ ಸಂತೋಷವಾ? ಅವರ ಸ್ವರ ಕೇಳಿದರೇ ಮೈ ಉರಿಯುತ್ತದೆ ಮಾರಾಯ್ತಿ. ಈ ಮನೆಗೆ ಬೇರೆ ಯಾರೂ ಬರುವುದಿಲ್ಲವಲ್ಲ, ನಿನಗಾದರೂ ಮನುಷ್ಯರ ಮುಖ ಕಾಣಲಿ ಅಂತ ನಾನು ಸಹಿಸಿಕೊಂಡದ್ದು."